ನಾಲ್ಕೂ ಬದಿಗೆ ಕೊಕ್ಕೆ

ಮೊರಾಗ್ ಡಫಸ್ ಎಪ್ಪತ್ತೊಂದು ಲಕೋಟೆ ತಂದಳು
ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ.
ಎಲ್ಲವೂ ಆಸ್ಪತ್ರೆಯಿಂದ ಬಂದವು, ಕಂದು ಬಣ್ಣದವು,
ಅಂಟು ಬಿಡಿಸಿ ಒಳಮೈ ಮೇಲಾಗಿ ಹಾಸಿದವು.
"ಚೌಕಟ್ಟು ಹಾಕಿಕೊಡು, ಗೋಡೆಗೆ ಬೇಕಂತೆ ಯಾರಿಗೋ,"
ಅಂದು ಕೊಡೆ ಒದರಿದಳು.
ಡಂಡೀ ಊರಿನ ಮಳೆ ಮೇಲಿನಿಂದ ಬೀಳುವುದಿಲ್ಲ,
ಟೇ ನದಿಯ ಕಡೆಯಿಂದ ಅಡ್ಡ ಬರುತ್ತದೆ,
ಬಾಗಿಲು ತಟ್ಟದೆ.

ನಿದ್ದೆ ಬಾರದ ರಾತ್ರಿಗಳ ನಕಾಶೆ.
ಪೆನ್ಸಿಲು, ನೀಲಿ ಬಾಲ್‌ಪೆನ್ನು, ಒಂದು ಕಡೆ ಚಹಾ.
ಇಂಚಿಗೆ ಒಂದು ಗಂಟೆಯ ಅಳತೆ.
ಮೂಲೆಯಲ್ಲಿ ಸೂಚಿ, ಶಾಲೆಯ ಭೂಪಟದಲ್ಲಿದ್ದಂತೆ:
ಜೋಡಿಗೆರೆ, ಹೇಳಿಬಿಟ್ಟದ್ದು.
ಚುಕ್ಕಿಗೆರೆ, ಹೇಳಬೇಕೆಂದಿದ್ದದ್ದು.
ರೈಲುಹಳಿಯಂತಿರುವುದು ತಂಗಿ ಜೀನಿ.
ಗೀಚಿ ಗೀಚಿ ಕಾಗದ ಹೊಳೆಯುವಷ್ಟು ಕಪ್ಪಾದ ಜಾಗಕ್ಕೆ
ಹೆಸರಿಲ್ಲ.
"ಅಲ್ಲಿಗೆ ಹೋಗುವುದಿಲ್ಲ. ಸುತ್ತಿ ಬರುತ್ತೇನೆ."
ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವಳು,
ಸುತ್ತುದಾರಿ ಅವಳಿಗೆ ಹೊಸದಲ್ಲ.

ವಿಳಾಸ ಕಾಣಲೆಂದು ಕೊರೆದ ಕಿಟಕಿ
ಪ್ರತಿ ಲಕೋಟೆಯಲ್ಲೂ ಹಾಗೇ ಇದೆ.
ಹಿಂದೆ ಕಾಗದ ಅಂಟಿಸಲೇ, ಕೇಳಿದೆ.
"ಮುಟ್ಟಬೇಡ. ಅದು ನಿದ್ದೆ. ಬಂದಷ್ಟೇ ಬಂದದ್ದು."

ಗದಗಿನ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದ ಸೋದರಮಾವ
ಹಾಳೆ ಹರಿದು ತೋರಿಸುತ್ತಿದ್ದ:
ಹೀಗೆ ಹರಿದರೆ ಸೀದಾ, ಹಾಗೆ ಹರಿದರೆ ಅಂಕುಡೊಂಕು.
ಕಾಗದಕ್ಕೂ ಎಳೆ ಇರುತ್ತದೆ ಮಗಾ,
ತಿಳಿಯದೆ ಮಡಚಬೇಡ.
ಗೋಧಿ ಅಂಟು ಕಲಸುತ್ತ ಒಂದೊಂದೇ ನೋಡಿದೆ,
ಮೊರಾಗಳ ಒಂದು ಗೆರೆಯೂ
ಎಳೆಯ ಜೊತೆಗೆ ಹೋಗಿಲ್ಲ.

ಹಣೆಬರಹ ಅನ್ನುತ್ತೇವೆ ನಾವು,
ಯಾರೋ ಹೊರಗಿನಿಂದ ಬರೆದದ್ದು, ನಮಗೆ ಓದಲು ಬಾರದ್ದು.
ಇದು ಅದೇ ಎಲುಬಿನ ಆಚೆ ಬದಿ.
ಬರೆದವಳಿಗೂ ಅಲ್ಲಲ್ಲಿ ಓದಲು ಬರುವುದಿಲ್ಲ,
ಕನ್ನಡಕ ಒರೆಸಿಕೊಳ್ಳುತ್ತಾಳೆ.

ತೊಡಕು ಮೊದಲ ಲಕೋಟೆಯಲ್ಲೇ ಶುರು.
ತಲೆ ಯಾವುದು, ಬುಡ ಯಾವುದು?
ತಲೆಬುಡವಿಲ್ಲದ್ದು ಎಂಬುದು ಬರೀ ಬೈಗುಳ ಅಂದುಕೊಂಡಿದ್ದೆ,
ಈಗ ಅದು ಕೈಯಲ್ಲಿ ಸುತ್ತಿಗೆ ಹಿಡಿದು ಕೇಳುವ ಪ್ರಶ್ನೆ.
"ದಿನ ನೋಡಿ ಹೇಳಬೇಕು," ಅಂದಳು ಮೊರಾಗ್.
ನಾಲ್ಕೂ ಬದಿಗೆ ಕೊಕ್ಕೆ ಹೊಡೆದೆ.

ನಲವತ್ತನಾಲ್ಕನೆಯದು. ಗುರುವಾರ, ೩.೪೦.
ಎಡ ಅಂಚಿನಲ್ಲಿ ಬಟಾಣಿಗಿಂತ ಚಿಕ್ಕದೊಂದು ಸುತ್ತು,
ಪಕ್ಕದಲ್ಲಿ ಇರುವೆಯಕ್ಷರ:
ಚೌಕಟ್ಟಿನ ಅಂಗಡಿ. ಹುಡುಗಿ. ಏನೋ ಮುಚ್ಚಿಡುತ್ತಾಳೆ.
ಅಕ್ಟೋಬರಿನಲ್ಲಿ ದರ ಕೇಳಲು ಬಂದಿದ್ದಳು,
ಐದು ನಿಮಿಷ, ಬಾಗಿಲು ಅರ್ಧ ತೆರೆದೇ.
ನನಗೆ ನಲವತ್ತೆರಡು. ಅಲ್ಲಿ ಹುಡುಗಿ.
ಆ ಸುತ್ತಿನಿಂದ ಹೊರಟ ಚುಕ್ಕಿಗೆರೆ
ಕಪ್ಪು ಜಾಗವನ್ನು ಬಳಸಿ, ಹಳಿ ದಾಟಿ, ಮತ್ತೆ ನನ್ನತ್ತಲೇ ಬಾಗಿದೆ.
ಸ್ಕೇಲಿಟ್ಟು ಅಳೆದೆ:
ನಾಲ್ಕೂವರೆ ಇಂಚು.

ಮೌಂಟಿನ ರಟ್ಟು ಅಂಚಿನಲ್ಲಿ ಮೂರು ಮಿಲಿಮೀಟರು ನುಂಗುತ್ತದೆ,
ಕಸುಬಿನ ನಿಯಮ.
ಅಷ್ಟರಲ್ಲಿ ನಾನು ಅಡಗುತ್ತೇನೆ, ಚುಕ್ಕಿಗೆರೆಯ ಎರಡು ತುದಿಯೂ.
ನಿಯಮ ಮೀರುವುದು ನನಗೆ ಗೊತ್ತಿತ್ತು.
ಹಾಳೆಯನ್ನು ತೇಲಿಸಿ ಕೂರಿಸಬಹುದಿತ್ತು.
ಮೀರಲಿಲ್ಲ.

ಸೆಣಬಿನ ಹಳೆ ಗಿರಣಿ, ಈಗ ಗ್ಯಾಲರಿ.
ಗೋಣಿಯ ವಾಸನೆ ಇಟ್ಟಿಗೆಯಿಂದ ಇನ್ನೂ ಹೋಗಿಲ್ಲ.
ಟೈ ಕಟ್ಟಿದವನೊಬ್ಬ ಕತ್ತು ಓರೆ ಮಾಡಿ ಕೇಳಿದ,
ಇದು ನೆಟ್ಟಗಿದೆಯೇ?
"ಮಲಗಿಕೊಂಡು ನೋಡು," ಮೊರಾಗ್ ಅಂದಳು.
ಆಮೇಲೆ ನಲವತ್ತನಾಲ್ಕರ ಮುಂದೆ ನಿಂತು
ಗಾಜಿನ ಮೇಲೆ, ರಟ್ಟಿನ ಎಡಕ್ಕೆ, ಸರಿಯಾಗಿ ಆ ಜಾಗಕ್ಕೆ
ಬೆರಳಿಟ್ಟಳು.
ನನ್ನ ಕಡೆ ತಿರುಗಲಿಲ್ಲ.
ನಾನೂ ಕೇಳಲಿಲ್ಲ.
ಚುಕ್ಕಿಗೆರೆ ಇನ್ನರ್ಧ ಇಂಚು ಬೆಳೆದಿರಬೇಕು.

ಪ್ರತಿ ಸೋಮವಾರ ಎಲ್ಲವನ್ನೂ ಕಾಲು ಸುತ್ತು ತಿರುಗಿಸುತ್ತಾರಂತೆ.
ಮುಂದಿನ ವಾರ ನಾನು ತಲೆಗೆ ಬರುತ್ತೇನೆ,
ರಟ್ಟಿನ ಅಡಿಯಲ್ಲೇ.