ತಾ

ಬಂದ ವರ್ಷ ನನ್ನ ಬಾಯಿಗೆ ಕೆಲಸವಿರಲಿಲ್ಲ,
ಕೈಗಷ್ಟೇ ಇತ್ತು.
ನೀರು ತಾ, ಸೌದೆ ತಾ, ಹಂದಿಗೆ ಗೆಣಸಿನ ಬಳ್ಳಿ ತಾ.
ಅತ್ತೆ ಗದ್ದವೆತ್ತಿ ತೋರಿಸಿದರೆ ಮುಗಿಯಿತು.

ನಾನು ಗಿಮರಾಸ್ ದ್ವೀಪದವಳು,
ಕಡಲ ನೀರು ಕುದಿಸಿ ಇಟ್ಟಿಗೆಯಂಥ ಉಪ್ಪು ಮಾಡುವವರ ಮಗಳು.
ಬಾಗಿಯೊ ಪೇಟೆಯ ಲಾಂಡ್ರಿಯಲ್ಲಿ ವಾಸಿಂಗ್ ಸಿಕ್ಕ,
ಕಂಕನಾಯ್ ಆಡುವವ,
ಏನೂ ಆಡದೆ ದಿನಗಟ್ಟಲೆ ಇರಬಲ್ಲವ.
ಅವನ ಹಿಂದೆ ಬೆಟ್ಟ ಹತ್ತಿದಾಗ
ಬುಟ್ಟಿಯಲ್ಲಿ ಅಪ್ಪ ಕೊಟ್ಟ ಎರಡು ಗಟ್ಟಿ ಉಪ್ಪು.
ಒಂದನ್ನು ಅದೇ ವಾರ ಕುಟ್ಟಿ
ಹಂದಿಮಾಂಸಕ್ಕೆ ತಿಕ್ಕಿ ಒಲೆಯ ಮೇಲೆ ತೂಗುಹಾಕಿದರು.
ಎಟಗ್, ಅಂದಳು ಅತ್ತೆ.
ನನ್ನ ಕಡಲಿಗೆ ಹೊಗೆ ಹಿಡಿಯತೊಡಗಿತು.

ಕಲಿತೆ, ಕಲಿಯದೆ ಏನು.
ಬೆಟ್ಟದ ಮೈಗೆ ಕಲ್ಲು ಕಟ್ಟಿ ನಿಲ್ಲಿಸಿದ ಗದ್ದೆ ಪಯೇವ್,
ಆ ಕಲ್ಲುಗೋಡೆ ತೊಪಿಂಗ್.
ಡನುಮ್ ಎಂದರೆ ನೀರು, ಆದರೆ
ನಮ್ಮೂರಿನ ಹಾಗೆ ಮಲಗಿದಲ್ಲೇ ಹೊರಳುವ ನೀರಲ್ಲ;
ಒಬ್ಬರ ಪಯೇವ್ ತುಂಬಿ, ಬದುವಿನ ಗಂಡಿಯಲ್ಲಿ ತಲೆ ಬಗ್ಗಿಸಿ
ಕೆಳಗಿನವರ ಮನೆಗೆ ನೆಂಟರಂತೆ ಇಳಿಯುವ ನೀರು.
ತೆನೆಗೆ ಎರಗುವ ಪುಟ್ಟ ಹಕ್ಕಿ ತಿಲಿನ್.
ಅದಕ್ಕೆ ನನ್ನ ಬೈಗುಳ ಯಾವ ಭಾಷೆಯದಾದರೂ ಅಷ್ಟೇ.
ಇನಯಾನ್ ತಿಳಿಯಲು ಮಾತ್ರ ತಿಂಗಳುಗಳೇ ಹಿಡಿದವು:
ಬೇಡ, ಛೇ, ತಪ್ಪು,
ಯಾರೂ ನೋಡದಿದ್ದರೂ ತಪ್ಪು.
ಕೊಡ ಕುಕ್ಕಿ ಇಟ್ಟರೂ ಇನಯಾನ್,
ಉಣ್ಣುವವರ ಎದುರು ನಿಟ್ಟುಸಿರಿಟ್ಟರೂ.

ಒಂದು ಪದ ಕಲಿಯಬೇಕಿರಲಿಲ್ಲ.
ಬೆಳಗಾದರೆ ಅತ್ತೆ, ಇಬ್ಬರು ನಾದಿನಿಯರು,
ಬೆನ್ನಿಗೆ ಬುಟ್ಟಿ ಏರಿಸಿ ಬಾಗಿಲಿಂದಲೇ ನನಗೆ:
“ಉಮೇಯ್ ಕಮಿ.”
ಹೊರಟೆವು, ನಾವು.
ನಮ್ಮ ದ್ವೀಪದಲ್ಲೂ ಕಮಿ ಅಂದರೆ ಕಮಿಯೇ:
ನಾವು, ನಿನ್ನ ಬಿಟ್ಟು.
ಇಷ್ಟು ಸಮುದ್ರ ದಾಟಿ ಬಂದರೂ
ಈ ಬೇಲಿಯ ಗೂಟವೊಂದು ಅಲುಗಿರಲಿಲ್ಲ.

ನಾಟಿ ಬಂತು, ಉಬ್ಬೊ ಕೂಡಿತು.
ಇಂದು ನಮ್ಮ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ಮುಯ್ಯಾಳು.
“ಉಮೇಯ್ ತಾಕೊ,” ಅಂದಳು ಅತ್ತೆ ಕೇರಿಗೆಲ್ಲ ಕೇಳುವಂತೆ,
ನಾವು, ಎಲ್ಲರೂ, ನೀನೂ ಸೇರಿ.
ಕೈ ಎಣಿಸುವ ದಿನ ನಾನೂ ಒಂದು ಜೊತೆ.
ಸಸಿಯ ಕಟ್ಟು ಹೊತ್ತು ಬದುವಿನ ಮೇಲೆ ನಿಂತು
ರಾತ್ರಿಯೆಲ್ಲ ಪೋಣಿಸಿಟ್ಟ ಮೊದಲ ಇಡೀ ವಾಕ್ಯ ಒಪ್ಪಿಸಿದೆ:
ನೆಡುವುದಕ್ಕೆ ಮಾಕನ್ ತಂದಿದ್ದೇನೆ!

ಪಗೇಯ್ ಅನ್ನಬೇಕಿತ್ತು.
ಮಾಕನ್ ಅಂದರೆ ಬೆಂದ ಅನ್ನ.
ಹನ್ನೆರಡು ಹೆಂಗಸರ ಬೆನ್ನು ಒಮ್ಮೆಗೇ ನೆಟ್ಟಗಾಯಿತು;
ನಗು ಮೇಲಿನ ಗದ್ದೆಯಿಂದ ಕೆಳಗಿನದಕ್ಕೆ
ನೀರಿನ ದಾರಿಯಲ್ಲೇ ಇಳಿದು ಊರು ಮುಟ್ಟಿತು.
ಅತ್ತೆ ನಗಲಿಲ್ಲ.
ನಕ್ಕಿದ್ದರೆ ಹಗುರವಾಗುತ್ತಿತ್ತು.

ಜುಲೈಯಲ್ಲಿ ಮೂರು ರಾತ್ರಿ ಬಿರುಗಾಳಿ.
ವಾಸಿಂಗ್ ಗಣಿಯ ಪಾಳಿಯಲ್ಲಿ, ನಾದಿನಿಯರು ಪೇಟೆಯ ಹಾಸ್ಟೆಲಿನಲ್ಲಿ.
ಮೂರನೆಯ ರಾತ್ರಿ ಏನೋ ಕೆಮ್ಮಿದಂತಾಯಿತು,
ಬೆಟ್ಟವೇ ಗಂಟಲು ಸರಿಮಾಡಿಕೊಂಡಂತೆ.
ಕೊನೆಯ ಗದ್ದೆಯ ತೊಪಿಂಗ್ ಹೋಗಿತ್ತು.

ಇನ್ನೂ ನಸುಕು. ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಎರಡು ಹಾರೆ.
“ಉಮೇಯ್ ತಾ.”
ಹಳೆಯ ಅಭ್ಯಾಸ, ಏನೋ ತರಲೆಂದು ಒಳಗೆ ತಿರುಗಿದೆ.
ತೋಳು ಹಿಡಿದು ನಿಲ್ಲಿಸಿ ಮತ್ತೆ ಅಂದಳು, ನಿಧಾನವಾಗಿ.
ಕಮಿ ಅಲ್ಲ. ತಾಕೊ ಕೂಡ ಅಲ್ಲ, ಅದರ ಮೊದಲ ತುಂಡು ಮಾತ್ರ:
ನೀನು, ನಾನು, ಇಬ್ಬರೇ.
ಬದುವಿನಷ್ಟು ಕಿರಿದಾದ ಪದ,
ಮೂರನೆಯವರು ಕಾಲಿಟ್ಟರೆ ಜಾರುತ್ತಾರೆ.

ಮಧ್ಯಾಹ್ನದವರೆಗೆ ಕಲ್ಲು.
ದೊಡ್ಡದು ಅಡಿಗೆ, ಚೂಪು ಒಳಕ್ಕೆ,
ಆಕೆ ಹೇಳಿದಳು, ನಾನು ಕೂರಿಸಿದೆ.
ಒಂದು ಕಡೆ ಆಕೆ ತಪ್ಪಿದಳು, ನಾನು ಹೇಳಿದೆ,
ಗೊಣಗುತ್ತ ಕಿತ್ತು ತಿರುಗಿಸಿಟ್ಟಳು.

ಹಸಿವಿಗೆ ಬಾಳೆಲೆ ಬಿಚ್ಚಿದರೆ
ಕೆಂಪು ಅನ್ನ, ಎಟಗ್‌ನ ಎರಡು ತುಂಡು.
ಕೆಸರು ಬೆರಳಲ್ಲಿ ಒಂದಗುಳು ಎತ್ತಿ
ಹೊಸ ಗೋಡೆಯಾಚೆಯ ನೀರಿನ ಮೇಲೆ ಹಿಡಿದು,
ಮುಖದ ಒಂದು ಗೆರೆಯೂ ಸಡಿಲದೆ
ಕೇಳಿದಳು ತಾವಿಂಗ್, ನನ್ನತ್ತೆ:

ಮಾಕನ್.
ನೆಡೋಣವಾ?