ಅಂಗೈ ಲೆಕ್ಕ

ಸುಟ್ಟದ್ದನ್ನ ಅಳಿಯೋದು ಸುಟ್ಟವರ ಅಂಗೈಲೇ.
ಬೆರಳು ಕೂಡಿಸಿ ಇಟ್ಟರ, ಒಂದಂಗೈ ಅಂದ್ರ ಒಂದು ಪರ್ಸೆಂಟ್.
ಹಳೇ ಹುಬ್ಬಳ್ಳಿ ಚುರಮರಿ ಭಟ್ಟಿಯೊಳಗ
ಕಾದ ಉಸುಕಿನ ಬಾಣಲಿ ಮ್ಯಾಲೆ ಬಿದ್ದ ದಾವಲಸಾಬಗ
ಬಲಗೈ ಅನ್ನೂದು ಉಳಿದಿರಲಿಲ್ಲ.
ಎಡಗೈ ನೋಡಕೋತ ಅಳದ್ವಿ:
ಎದಿ, ತೋಳು, ಕುತ್ತಿಗಿ, ಮತ್ತ ಆ ಬಲಗೈ.
ಮೂವತ್ತೊಂದು.

ಬರೂಮುಂದ ಮೈತುಂಬ ಟೂತ್‌ಪೇಸ್ಟು,
ಅದರ ಮ್ಯಾಲೆ ಕಾಫಿಪುಡಿ,
ಅದರ ಮ್ಯಾಲೆ ಯಾರೋ ಪುಣ್ಯಾತ್ಮ ಸುರುವಿದ ಶಾಯಿ.
'ಬರೇ ನೀರು ಹಾಕಬಾರದಿತ್ತಾ?' ಅಂದೆ.
'ಭಟ್ಟ್ಯಾಗ ನೀರು ಕುಡಿಯಾಕಷ್ಟ ಇರತೈತ್ರಿ ಅಕ್ಕಾರ'
ಅಂದ್ಲು ಜೈತುನಬಿ.

ಕೇಸ್‌ಶೀಟಿನ್ಯಾಗ ಡಾಕ್ಟರು ಬರದರು:
ವಯಸ್ಸು ಐವತ್ತಾರು. ಸಕ್ಕರಿ ಮುನ್ನೂರಾ ಹತ್ತು.
ರಕ್ತ ಎಂಟೂವರಿ. ದಿನಕ್ಕ ಎರಡು ಕಟ್ಟು ಬೀಡಿ.
ಒಂದೊಂದು ಸಾಲೂ ಅವನ ವಿರುದ್ಧ ಹೇಳಿದ ಸಾಕ್ಷಿ.
ಬಾಜೂ ಹಾಸಿಗ್ಯಾಗ ಮಾಂತೇಶ,
ಖಾನಾವಳಿ ಹುಡುಗ, ಬಜಿ ಎಣ್ಣಿ ಸಿಡದದ್ದು.
ಹತ್ತೊಂಬತ್ತು ವರ್ಷ, ಹದಿನೆಂಟು ಅಂಗೈ.
ಸಕ್ಕರಿ ಇಲ್ಲ, ಬೀಡಿ ಇಲ್ಲ.
ಸಾಕ್ಷಿ ಎಲ್ಲಾ ಅವನ ಕಡೆ.

ಹನ್ನೊಂದನೇ ದಿನ ಹುಡುಗನ ಪಟ್ಟಿ ಬಿಚ್ಚಿದೆ.
ಬಟ್ಟಿ ಮ್ಯಾಲೆ ಹಸರು.
ಕೊಳತ ದ್ರಾಕ್ಷಿಯ ಸೀ ವಾಸನಿ.
ಹನ್ನೆರಡು ವರ್ಷ ಡ್ರೆಸ್ಸಿಂಗ್ ಮಾಡಿದ ಮೂಗು ಇದು,
ನಾ ಏನೂ ಅನ್ನಲಿಲ್ಲ.
ಕೈ ತೊಳಕೊಂಡೆ. ಮತ್ತೊಮ್ಮೆ ತೊಳಕೊಂಡೆ.
ಹದಿನೈದಕ್ಕ ಹಾಸಿಗಿ ಖಾಲಿ.
ಈಗೂ ದ್ರಾಕ್ಷಿ ಗಾಡಿ ಕಂಡರ ರಸ್ತೆ ದಾಟತೀನಿ.

ದಾವಲಸಾಬ ಉಳದ. ಯಾಕ ಅಂತ ಕೇಳಿದರ
ಡಾಕ್ಟರು ಇನ್ಸುಲಿನ್ ಅಂತಾರ, ಸುಳ್ಳಲ್ಲ.
ನಾ ಕಂಡದ್ದು ಜೈತುನಬಿಯ ಡಬ್ಬಿ:
ದಿನಕ್ಕ ಆರು ತತ್ತಿ, ಮೊಳಕಿ ಹೆಸರು, ಶೇಂಗಾ ಹಿಂಡಿ.
'ಇನ್ನೊಂದು ತುತ್ತು, ಇದು ಕುತ್ತಿಗಿಗೆ' ಅನ್ನಾಕಿ,
'ಇದು ಮೊಣಕೈಗೆ.'
ರಾತ್ರಿ ನಿದ್ದಿ ಹತ್ತದಿದ್ದರ
ಅಕ್ಕಿ ಅರಳೋ ಸಪ್ಪಳ ಬಾಯಿಲೆ ಮಾಡತಿದ್ಲು,
ಚಟಪಟ ಚಟಪಟ.
'ನಗಸಬ್ಯಾಡ, ಎದಿ ಜಗ್ಗತೈತಿ' ಅಂತ ಅವ ಬೈತಿದ್ದ.
ಬೈಕೋತನ ನಿದ್ದಿ ಹೋಗತಿದ್ದ.

ತೊಡಿ ಚರ್ಮ ತಗದು ಕೈಗೆ ಹಾಕಿದರು.
ತೊಡಿ ಎರಡು ವಾರಕ್ಕ ಮಾದು, ಏನೂ ಆಗೇ ಇಲ್ಲ ಅನ್ನೂವಂಗ ಕುಂತಿತು.
ಕೈ ಹಟಮಾರಿ.
ಬೆರಳು ನೆಟ್ಟಗಿರಲಿ ಅಂತ ಕಟ್ಟಿದ ಪಟ್ಟಿ
ಮನಿಗೆ ಹೋದಮ್ಯಾಲೆ ರಾತ್ರಿ ಬಿಚ್ಚಿ ಇಡತಿದ್ದನಂತ, ತುರಿಕಿಗೆ.
ಗಾಯ ಮಾಯೋದಂದ್ರ ಮುಚ್ಚಕೊಳ್ಳೂದು.
ಅದಕ್ಕ ಸಾಕು ಅನ್ನಾಕ ಬರಂಗಿಲ್ಲ,
ಗಾಯ ಮುಚ್ಚಿದಮ್ಯಾಲೆ ಕೈಯನ್ನೂ ಮುಚ್ಚತೈತಿ.

ಈಗ ಇಂಡಿಪಂಪಿನ ಕಡೆ ಒಂದು ತಳ್ಳುಗಾಡಿ.
ಭಟ್ಟಿ ಬ್ಯಾಡ ಅಂದಾಳ ಜೈತುನಬಿ, ಚುರಮರಿ ಬಿಡು ಅಂದಿಲ್ಲ.
ಮೊನ್ನೆ ಡ್ಯೂಟಿ ಬಿಟ್ಟು ಹೊಂಟಾಗ ಕೂಗಿದ.
ಎಡಗೈಲೆ ಮಾಪು ತುಂಬಿ ಚೀಲಕ್ಕ ಸುರುವಿದ,
ಬ್ಯಾಡ ಅಂದರೂ ರೊಕ್ಕ ಮುಟ್ಟಲಿಲ್ಲ.
'ತಡೀರಿ ಅಕ್ಕಾರ, ಕೊಸರು'
ಅಂತ ಬಲಗೈ ಗುಡ್ಡಿಯೊಳಗ ಹಾಕಿದ.
ಅದು ಪೂರಾ ಬಿಚ್ಚಂಗಿಲ್ಲ, ಪೂರಾ ಮುಚ್ಚಂಗಿಲ್ಲ.
ಬೆರಳ ಸಂದಿಯಿಂದ ಉದರಕೋತ, ಉದರಕೋತ
ನನ್ನ ಚೀಲದ ತನಕ ಬಂತು.

ಎಷ್ಟು ಬಿತ್ತು ಅಂತ
ನಾ ನೋಡಲಿಲ್ಲ.
ಲೆಕ್ಕ ಬರಿಯಾಕಿ ನಾ ಅಲ್ಲ.