ವಿದ್ಯಾನಗರ ಸ್ಟಾಪ್

ಕ್ಲೈಸ್ಟ್ರಾನ್ ನಾನು ಕಣ್ಣಾರೆ ಕಂಡಿಲ್ಲ.
ನಮ್ಮ ಕಾಲೇಜಿನಲ್ಲಿ ಇರುವುದು ಅದರ ಚಿತ್ರ,
ನನ್ನ ಮೂರು ತಿಂಗಳ ಲೆಕ್ಕ,
ನಡುವೆ ನಡುವೆ ನಿದ್ದೆಹೋಗುವ ಒಂದು ಕಂಪ್ಯೂಟರ್.

ತಲಪಾಡಿಯಿಂದ ಮುಕ್ಕಾಲು ಗಂಟೆ ಬಸ್ಸಿಲ್ಲ.
ಆಮೇಲೆ ಮೂರು, ಒಂದರ ಬೆನ್ನಿಗೊಂದು.
ಟೈಮ್‌ಕೀಪರ್ ಐತಪ್ಪಣ್ಣ ಮೂರು ಭಾಷೆಯಲ್ಲಿ ಬೈಯುತ್ತಾರೆ.

ಅವರಿಗದು ತಪ್ಪು. ನನಗೆ ಬೇಕಾದ್ದೇ ಅದು:
ಮುಂದೋಡುವ ಎಲೆಕ್ಟ್ರಾನನ್ನು ಚೂರು ತಡೆ,
ಹಿಂದುಳಿದದ್ದನ್ನು ಚೂರು ದೂಡು,
ಕೈಬಿಡು.
ಕೊಳವೆಯ ಖಾಲಿ ದಾರಿಯಲ್ಲಿ
ತಾವಾಗಿಯೇ ಗುಂಪುಗೂಡುತ್ತವೆ.
ಕೊನೆಯ ಕುಹರದಲ್ಲಿ ಗುಂಪಿಗೆ ಗುಂಪೇ ಬ್ರೇಕ್ ಹಾಕಿದಾಗ
ಪಿಸುಮಾತು ಮೆಗಾವ್ಯಾಟ್ ಆಗಿ,
ಎಲ್ಲೋ ದೂರದ ಸುರಂಗದಲ್ಲಿ
ಪರಿಚಯವಿಲ್ಲದ ಕಣವೊಂದು ಮುಂದಕ್ಕೆ ಜಿಗಿಯುತ್ತದೆ.

"ಶಕ್ತಿ ಕೊಟ್ಟವು ಎಲ್ಲಿಗೆ ಹೋಗ್ತವೆ?"
ವೈವಾದಲ್ಲಿ ಕೇಳಿದರು ಮಿಸ್ರಿಯಾ ಟೀಚರ್.
"ಕಲೆಕ್ಟರಿಗೆ" ಅಂದೆ.
ಅಷ್ಟರಲ್ಲೇ ಹೊರಗೆ ಕಂಡಕ್ಟರನ ಕೂಗು:
ಕಲೆಕ್ಟರೇಟ್, ಕಲೆಕ್ಟರೇಟ್, ಇಳಿಯುವವರು ಬೇಗ!

ಟೀಚರ್ ನಗಲಿಲ್ಲ. ನಾನೂ ತಡೆದುಕೊಂಡೆ.
ಕಿಟಕಿಯಾಚೆ ಇಳಿಯುತ್ತಿದ್ದರು
ಕನ್ನಡದಲ್ಲಿ ಬರೆದ ಅರ್ಜಿ ಹಿಡಿದ ನಾಲ್ಕು ಮಂದಿ,
ಬೆವರೊರೆಸುತ್ತ.

ದಕ್ಷತೆ ನಲವತ್ತೊಂದು ಶೇಕಡಾ. ಮಿಕ್ಕದ್ದು ಬರೀ ಬಿಸಿ.
ಕಲೆಕ್ಟರಿನ ಸುತ್ತ ತಣ್ಣೀರು ಹರಿಯುತ್ತಲೇ ಇರಬೇಕು,
ಇಲ್ಲವಾದರೆ ತಾಮ್ರವೇ ಕರಗುತ್ತದೆ.
ಅದೊಂದು ಬರೆಯಲು ಮರೆತಿದ್ದೆ.
ಎರಡು ಅಂಕ ಹೋಯಿತು.